ಅಪ್ಪ ಸೀರೆ ಉಟ್ಟು ಪಾಸಾದದ್ದು

ಪುಣೆಯ ರವಿವಾರ ಪೇಠೆಯಲ್ಲಿ ನಮ್ಮಪ್ಪನನ್ನು ಈಗಲೂ ಕೆಲವರು ‘ಸೀರೆ ಉಟ್ಟ ಶಿವಪುತ್ರಪ್ಪ’ ಎನ್ನುತ್ತಾರೆ. ಹಾಗೆನ್ನುವಾಗ ನಗುತ್ತಾರೆ ಕೂಡ. ಮೊದಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಈಗ ಏರುವುದಿಲ್ಲ. ನಗುವವರಲ್ಲಿ ಮುಕ್ಕಾಲು ಮಂದಿಗೆ ನಡೆದದ್ದು ಏನೆಂದು ಗೊತ್ತಿಲ್ಲ. ಹನ್ನೊಂದು ವರ್ಷದ ಹಿಂದೆ, ಸಾವಿರದ ಒಂಬೈನೂರ ಮೂವತ್ತಾರರ ಆ ದಿನ, ನಾನು ಅಲ್ಲೇ ಕೂತಿದ್ದೆ. ಆಗ ನನಗೆ ಹದಿನಾಲ್ಕು. ಕಣ್ಣೂ ಚುರುಕಾಗಿತ್ತು, ನಾಲಗೆಯೂ ಚುರುಕಾಗಿತ್ತು. ಆದ್ದರಿಂದ ಅದನ್ನು ಹೇಳುವ ಹಕ್ಕು ನನ್ನದು.

ಅಪ್ಪ ಇಳಕಲ್ಲಿನವನು. ಹದಿನಾರನೆಯ ವಯಸ್ಸಿಗೆ ಪುಣೆಗೆ ಬಂದು ಅಪ್ಪಾಸಾಹೇಬರ ಸೀರೆ ಅಂಗಡಿಯ ಗಾದಿ ಹತ್ತಿದ. ಇಳಕಲ್ ಸೀರೆ, ಗುಳೇದಗುಡ್ಡದ ಕುಪ್ಪಸದ ಖಣ ಮಾರುವುದು ಅವನ ಕೆಲಸ. ಹೆಂಗಸರು ಬಂದರೆ ಸೆರಗಿನಷ್ಟನ್ನೇ ಬಿಚ್ಚಿ ತನ್ನ ಹೆಗಲ ಮೇಲೆ ಹಾಕಿಕೊಂಡು, ಕುತ್ತಿಗೆ ಒಂಚೂರು ಓರೆ ಮಾಡಿ, “ನೋಡ್ರಿ ವೈನಿ, ಮೈಮ್ಯಾಲೆ ಹ್ಯಾಂಗ ಕೂಡತದ” ಎನ್ನುತ್ತಿದ್ದ. ಕೊಂಬಿನಂಥ ಮೀಸೆಯ ಗಂಡಸು ಹೀಗೆ ನಿಂತರೂ ಯಾರೂ ನಗುತ್ತಿರಲಿಲ್ಲ. ಅಂಗಡಿಯಲ್ಲಿ ಅದು ವಾಡಿಕೆ.

ಇಪ್ಪತ್ತು ವರ್ಷ ಬಣ್ಣ ಮಾರಿದ ಮೇಲೆ ಅವನಿಗೆ ಬಣ್ಣ ಕಲಿಯುವ ಹುಚ್ಚು ಹತ್ತಿತು. ಶನಿವಾರ ಪೇಠೆಯ ಒಂದು ಹಳೆಯ ವಾಡೆಯ ಮಹಡಿಯಲ್ಲಿ ಕಲಾ ಕಾಲೇಜು ನಡೆಯುತ್ತಿತ್ತು. ಬೆಳಿಗ್ಗೆ ಏಳರಿಂದ ಹತ್ತೂವರೆಯವರೆಗೆ ಚಿತ್ರಕಲೆ, ವಾರಕ್ಕೆ ಎರಡು ದಿನ ಕಲೆಯ ಇತಿಹಾಸ. ಅಂಗಡಿ ತೆರೆಯುವುದು ಹನ್ನೊಂದಕ್ಕೆ. ಕಾಲೇಜಿನವರು ಸೇರಿಸಿಕೊಳ್ಳುತ್ತಾರೋ ಇಲ್ಲವೋ ತಿಳಿಯುವ ಮೊದಲೇ ಅಪ್ಪ ಚಿತ್ರ ನಿಲ್ಲಿಸುವ ಮೂರು ಕಾಲಿನ ಕಟ್ಟಿಗೆಯ ಚೌಕಟ್ಟನ್ನು ಮನೆಗೆ ಹೊತ್ತು ತಂದ. ಅವ್ವ ಗೌರಾಬಾಯಿ ಬಾಗಿಲಲ್ಲೇ ನಿಂತು, “ಕೂಸು ಹುಟ್ಟೋಕಿಂತ ಮೊದ್ಲ ಕುಲಾಯಿ ಹೊಲಿಸಿದ್ರಂತ” ಎಂದಳು.

ಕೂಸು ಹುಟ್ಟಿತು. ಕಾಲೇಜಿನವರು ಸೇರಿಸಿಕೊಂಡರು. ಮೂವತ್ತೇಳರ ಅಪ್ಪ ಹದಿನೆಂಟು ಹುಡುಗರ ಮಧ್ಯೆ ಹಲಗೆ ಹಿಡಿದು ಕೂತ. ಅಲ್ಲಿಂದ ನಮ್ಮ ಮನೆಯ ಹಣೆಬರಹವೇ ಬದಲಾಯಿತು. ಕಟ್ಟೆಯ ಮೇಲಿಟ್ಟ ಉಳ್ಳಾಗಡ್ಡಿಯನ್ನು ಅವ್ವ ಹೆಚ್ಚುವಂತಿರಲಿಲ್ಲ. ಅದರ ನೆರಳು ಇನ್ನೂ ಬರೆದು ಮುಗಿದಿರುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಅಪ್ಪ ಎದುರಿಗೆ ಕೂತು, “ಹಂಗ ಇರು, ಮೂಗಿನ ಮ್ಯಾಲ ಬೆಳಕ ಬಿದ್ದದ” ಎನ್ನುತ್ತಿದ್ದ. “ರೊಟ್ಟಿ ಹೊತ್ತತದ್ರಿ, ಮೂಗ ಎಲ್ಲೂ ಹೋಗಂಗಿಲ್ಲ” ಎಂದು ಅವ್ವ ಬೈಯುತ್ತಿದ್ದಳು. ಇತಿಹಾಸದ ಪಾಠವನ್ನು ಮರಾಠಿಯಲ್ಲಿ ಕೇಳಿ, ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಊಟಕ್ಕೆ ಕೂತಾಗ ನಮಗೆಲ್ಲ ಒಪ್ಪಿಸುತ್ತಿದ್ದ. ಗ್ರೀಕರ ಮೂರ್ತಿಗಳ ಚಿತ್ರ ತೋರಿಸಿದ ದಿನ ಅವ್ವ ಬಹಳ ಹೊತ್ತು ನೋಡಿ ಕೇಳಿದಳು: “ಆ ಊರಾಗ ಬಟ್ಟಿ ಭಾಳ ತುಟ್ಟಿ ಏನ್ರಿ?”

ನಾನು ಅಪ್ಪನನ್ನು ಅಷ್ಟು ಸಂತೋಷದಲ್ಲಿ ಹಿಂದೆಂದೂ ಕಂಡಿರಲಿಲ್ಲ. ಅದಕ್ಕೇ ಮುಂದೆ ಆದದ್ದನ್ನು ಸಹಿಸಲಾಗಲಿಲ್ಲ.

ಕಾಲೇಜಿನ ಮುಖ್ಯಸ್ಥರು ಕೃಷ್ಣಾಜಿಪಂತರು. ಇತಿಹಾಸ ಕಲಿಸುವವರೂ ಅವರೇ. ಕೋಲಿನಂಥ ನೇರ ಮನುಷ್ಯ, ಮಾತೂ ಹಾಗೆಯೇ. ಡಿಸೆಂಬರಿನಲ್ಲಿ ವಸ್ತ್ರ ಬರೆಯುವ ಪರೀಕ್ಷೆ ಬಂತು. ಕುರ್ಚಿಯ ಮೇಲೆ ಒಂದು ಬಿಳಿ ಬಟ್ಟೆಯನ್ನು ಹೇಗೆಂದರೆ ಹಾಗೆ ಎಸೆದಿಟ್ಟು, ಅದರ ಸುಕ್ಕು, ನೆರಳು, ಜೋಲು ಎಲ್ಲವನ್ನೂ ಇದ್ದಂತೆ ಬರೆಯಬೇಕು. ನಡುವೆ ಚಹಾಕ್ಕೆ ಬಿಟ್ಟರು. ಎಲ್ಲರಿಗಿಂತ ಮೊದಲು ತಿರುಗಿ ಬಂದವನು ಅಪ್ಪ. ಅಂಗಡಿಯವನ ಕಣ್ಣು ನೋಡಿ! ಕುರ್ಚಿಯ ಮೇಲೆ ಮುದ್ದೆಯಾಗಿ ಬಿದ್ದ ಬಟ್ಟೆ ಕಂಡಿದ್ದೇ ತಡ, ಕೈ ತಾನಾಗಿ ಮುಂದೆ ಹೋಯಿತು. ಅಂಚಿಗೆ ಅಂಚು, ಮೂಲೆಗೆ ಮೂಲೆ ಕೂಡಿಸಿ, ಚೊಕ್ಕ ಮಡಚಿ, ಕುರ್ಚಿಯ ಮೇಲಿಟ್ಟು, ಎರಡು ಸಲ ತಟ್ಟಿ, ತನ್ನ ಜಾಗಕ್ಕೆ ಬಂದು ಕೂತ. ಪೆನ್ಸಿಲ್ ಎತ್ತಿಕೊಂಡು ಮುಂದೆ ನೋಡಿದಾಗಲೇ ತಾನು ಏನು ಮಾಡಿದೆ ಎಂದು ತಿಳಿದದ್ದು.

ಹದಿನೆಂಟು ಹುಡುಗರ ಅರ್ಧ ಬರೆದ ಚಿತ್ರಗಳು ನೀರಲ್ಲಿ ಮಾಡಿದ ಹೋಮವಾದವು. ಕೃಷ್ಣಾಜಿಪಂತರು ಬಂದು ಕುರ್ಚಿ ನೋಡಿದರು, ಅಪ್ಪನನ್ನು ನೋಡಿದರು.

“ಇದು ಕಾಲೇಜು, ಅಂಗಡಿಯಲ್ಲ” ಎಂದು ಮರಾಠಿಯಲ್ಲಿ ಹೇಳಿದರು. “ನಿಮಗೆ ಈ ಪರೀಕ್ಷೆಯಲ್ಲಿ ಸೊನ್ನೆ. ಫೆಬ್ರುವರಿಯ ಪ್ರದರ್ಶನದ ದಿನ ಇತಿಹಾಸದ ಭಾಷಣವಿದೆ. ಅದರಲ್ಲಿ ಮೊದಲ ದರ್ಜೆ ತಂದರೆ ಇದನ್ನು ಮತ್ತೆ ಬರೆಯಲು ಬಿಡುತ್ತೇನೆ. ತರದಿದ್ದರೆ ನಿಮ್ಮ ಹೆಸರು ಹೊಡೆದುಹಾಕುತ್ತೇನೆ.”

ಇತಿಹಾಸದ ಭಾಷಣವೆಂದರೆ, ಗೋಡೆಗೆ ಹಾಕಿದ ಫೋಟೋಗಳಲ್ಲಿ ಒಂದನ್ನು ಆರಿಸಿ, ಊರ ಜನರ ಎದುರು ಅದರ ಬಗ್ಗೆ ಹತ್ತು ನಿಮಿಷ ಮಾತಾಡುವುದು. ಬುದ್ಧಿಯಿದ್ದವರು ಪುಸ್ತಕದಲ್ಲಿ ಇದ್ದುದನ್ನೇ ಒಪ್ಪಿಸಿ ಇಳಿಯುತ್ತಾರೆ. ಅಪ್ಪ ಆರಿಸಿದ್ದು ನಮ್ಮ ಕಡೆಯ ಯಾವುದೋ ಹಾಳು ಗುಡಿಯ ಕಂಬದಲ್ಲಿ ನಿಂತ ಒಬ್ಬ ಹೆಣ್ಣಿನ ಫೋಟೋ. ಅವಳ ಸೊಂಟದಿಂದ ಇಳಿದ ನಿರಿಗೆ ಬಿಚ್ಚಿದ ಬೀಸಣಿಗೆಯಂತೆ ಮುಂದಕ್ಕೆ ಚಾಚಿ ನಿಂತಿತ್ತು. ಕೃಷ್ಣಾಜಿಪಂತರು ಪ್ರತಿ ವರ್ಷ ಕಲಿಸುವುದು ಇಷ್ಟು: ‘ಬಟ್ಟೆ ಎಲ್ಲಿಯೂ ಹೀಗೆ ನಿಲ್ಲದು. ಇದು ಶಿಲ್ಪಿಯ ಬರಿಯ ಕಲ್ಪನೆ.’

ಅಪ್ಪ ಆ ಸಾಲನ್ನು ನಮಗೆ ಓದಿ ಹೇಳಿ ತೊಡೆ ತಟ್ಟಿಕೊಂಡು ನಕ್ಕ. “ಅವರು ತೊಳೆದ ಬಟ್ಟಿ ನೋಡ್ಯಾರ. ಮಗ್ಗದಿಂದ ಇಳಿದ ಬಟ್ಟಿ ನೋಡಿಲ್ಲ. ಗಂಜಿ ಇದ್ದ ಹೊಸಾ ಸೀರಿ ಹಿಂಗ ನಿಲ್ಲತದ. ಕಲ್ಪನಾ ಅಲ್ಲ, ಕಣ್ಣೀಲೆ ಕಂಡು ಕೆತ್ಯಾನ ಅಂವ!”

“ಹೇಳಿದ್ರ ನಂಬತಾರೇನ್ರಿ?” ಎಂದಳು ಅವ್ವ.

“ಉಟ್ಟು ತೋರಿಸಿದ್ರ ನಂಬತಾರ.”

ತೊಡಕು ಇದ್ದದ್ದೇ ಅಲ್ಲಿ. ಹೊಸ ಸೀರೆಯನ್ನು ಮೊದಲ ಸಲ ಪೂರ್ತಿ ಬಿಚ್ಚಿ ಉಡುವುದಕ್ಕೆ ಇಲ್ಲಿ ‘ಘಡಿ ಮುರಿಯುವುದು’ ಎನ್ನುತ್ತಾರೆ. ಘಡಿ ಮುರಿದ ಸೀರೆಯನ್ನು ಯಾವ ಗಿರಾಕಿಯೂ ಮುಟ್ಟುವುದಿಲ್ಲ, ಹಾಗಾಗಿ ಅಂಗಡಿಯದನ್ನು ಕೇಳುವಂತಿಲ್ಲ. ಮನೆಯಲ್ಲಿ ಘಡಿ ಮುರಿಯದ ಸೀರೆ ಒಂದೇ ಒಂದಿತ್ತು. ದಾಳಿಂಬ ಬಣ್ಣದ, ಅಗಲ ರೇಷ್ಮೆ ಅಂಚಿನದು. ತವರಿನಿಂದ ನನ್ನ ಸೋದರಮಾವ ಕಳಿಸಿದ್ದು. ಅಣ್ಣನಿಗೆ ವಿಷಮಜ್ವರ ಬಂದು ಬದುಕಿದಾಗ, ಈ ಸೀರೆಯ ಘಡಿಯನ್ನು ಜೇಜುರಿಯಲ್ಲಿ ಮಲ್ಲಯ್ಯನ ಮುಂದೆಯೇ ಮುರಿಯುತ್ತೇನೆ ಎಂದು ಅವ್ವ ಹರಕೆ ಹೊತ್ತಿದ್ದಳು. ಪೇಠೆಯ ಮಂದಿ ಖಂಡೋಬಾ ಎನ್ನುವ ದೇವರು ನಮಗೆ ಮಲ್ಲಯ್ಯ.

ಅಪ್ಪ ಒಂದೇ ಸಲ ಕೇಳಿದ.

“ಕೊಡಂಗಿಲ್ಲ” ಎಂದಳು ಅವ್ವ. “ದೇವರಿಗೆ ಮಾತ ಕೊಟ್ಟೀನಿ. ನಿಮ್ಮ ಕಲ್ಲಿನ ಹೆಂಗಸಿಗೆ ಅಲ್ಲ.”

ಅಪ್ಪ ಎರಡನೆಯ ಸಲ ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಗುತ್ತಿತ್ತು. ಅವನು ಬಾಯಿಂದಲೇ ಹೇಳಿ ಒಪ್ಪಿಸುತ್ತೇನೆ ಎಂದು ಭಾಷಣ ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಅವ್ವ ನಾಲ್ಕು ದಿನ ರೊಟ್ಟಿಯ ಹಿಟ್ಟನ್ನು ಅಗತ್ಯಕ್ಕಿಂತ ಜೋರಾಗಿ ನಾದಿದಳು.

ಪ್ರದರ್ಶನದ ದಿನ ವಾಡೆಯ ಅಂಗಳ ತುಂಬಿತ್ತು. ವಕೀಲರು, ಶಾಲೆ ಮಾಸ್ತರರು, ಅವರ ಮನೆಯವರು. ಅವ್ವ ಮತ್ತು ನಾನು ಹೆಂಗಸರ ಕಡೆಯ ಕೊನೆಯ ಸಾಲಿನಲ್ಲಿ ಕೂತೆವು. ಅವ್ವನ ಮಡಿಲಲ್ಲಿ ಒಂದು ಚೀಲವಿತ್ತು. ಚುರುಮುರಿ ಕಟ್ಟಿಕೊಂಡು ಬಂದಿದ್ದಾಳೆ ಎಂದುಕೊಂಡೆ. ನನ್ನ ಹೊಟ್ಟೆಗೆ ಬೇರೇನು ತೋಚೀತು?

ಹುಡುಗರು ಒಬ್ಬೊಬ್ಬರಾಗಿ ಗಿಣಿಪಾಠ ಒಪ್ಪಿಸಿ ಚಪ್ಪಾಳೆ ತಗೊಂಡರು. ಕೊನೆಗೆ ಅಪ್ಪ ನಿಂತ. ಕರಿ ಕೋಟು, ಧೋತರ, ತಲೆಗೆ ಬಿಳಿ ರುಮಾಲು. ಭಾಷಣದ ಹಾಳೆಯನ್ನು ಮಡಚುತ್ತ ಬಿಚ್ಚುತ್ತ ಇದ್ದ. ಮರಾಠಿಯಲ್ಲಿ ಶುರು ಮಾಡಿ, ಗುಡಿ, ಕಂಬ, ಕಲ್ಲು ಎಲ್ಲ ಹೇಳಿ, ನಿರಿಗೆಯ ಹತ್ತಿರ ಬಂದ. “ಗುರುಗಳು ಇದು ಕಲ್ಪನೆ ಎಂದಿದ್ದಾರೆ. ಅಲ್ಲ. ಬಟ್ಟೆ ಹೀಗೆಯೇ ನಿಲ್ಲುತ್ತದೆ” ಎಂದ.

ಕೃಷ್ಣಾಜಿಪಂತರು ಕೂತಲ್ಲಿಂದಲೇ ಕೇಳಿದರು: “ಪುರಾವೆ?”

“ನಾನು ಇಪ್ಪತ್ತು ವರ್ಷದಿಂದ ಸೀರೆ ಮಾರುತ್ತಿದ್ದೇನೆ.”

“ಅದು ಕಸುಬು. ಪುರಾವೆಯಲ್ಲ.”

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಹಿಂದಿನ ಸಾಲಿಗೂ ಹಬ್ಬಿತು. “ಬಟ್ಟೆ ಮಡಚಿದವನು ಇವನೇ ಅಲ್ಲವೇ?” ಎಂದು ಒಬ್ಬ ಹುಡುಗ ಎಲ್ಲರಿಗೂ ಕೇಳುವಂತೆ ಅಂದ. ಅಪ್ಪ ಫೋಟೋದ ಕಡೆ ತಿರುಗಿ ನಿರಿಗೆಯ ಮೇಲೆ ಬೆರಳಿಟ್ಟ. ನನಗೆ ಅಳು ಬಂದಿತ್ತು, ಆ ಹುಡುಗನ ತಲೆಗೊಂದು ಮೊಟಕಬೇಕು ಅಂತಲೂ ಅನಿಸಿತ್ತು.

ಪಕ್ಕದಲ್ಲಿ ಅವ್ವ ಎದ್ದಳು. ಹೆಂಗಸರ ಸಾಲು ದಾಟಿ, ಗಂಡಸರ ಸಾಲು ದಾಟಿ, ನೆಟ್ಟಗೆ ಮುಂದೆ ಹೋಗಿ ಚೀಲದಿಂದ ದಾಳಿಂಬ ಬಣ್ಣದ ಸೀರೆ ತೆಗೆದಳು.

“ತಗೋರಿ” ಎಂದಳು ಕನ್ನಡದಲ್ಲಿ. “ಘಡಿ ಮುರೀರಿ.”

ಅಪ್ಪ ಸೀರೆ ನೋಡಿದ, ಅವಳನ್ನು ನೋಡಿದ. “ಗೌರಾ, ಮಲ್ಲಯ್ಯಗ ಏನ ಹೇಳ್ತಿ?”

“ಅದು ನಂದೂ ಅವಂದೂ ಮಾತು. ನೀವು ಉಡ್ರಿ.”

ಆಮೇಲೆ ನಡೆದದ್ದನ್ನು ನಾನು ಸತ್ತರೂ ಮರೆಯುವುದಿಲ್ಲ. ಸೀರೆ ಕೈಗೆ ಬಂದದ್ದೇ ಅಪ್ಪ ಅಂಗಡಿಯ ಶಿವಪುತ್ರಪ್ಪನಾದ. ಒಮ್ಮೆ ಝಾಡಿಸಿದ, ಘಡಿ ಬಿಚ್ಚಿತು. ಕೋಟು ಧೋತರದ ಮೇಲೆಯೇ ಒಂದು ಸುತ್ತು ಸುತ್ತಿ, ಬೆರಳುಗಳ ನಡುವೆ ನಿರಿಗೆ ಹಿಡಿಯುತ್ತ ಹೋದ. ಹೆಂಗಸರ ಕಡೆಯಿಂದ “ಅಯ್ಯ, ನಮಗೂ ಇಷ್ಟು ಚೆಂದ ಬರೋದಿಲ್ಲ” ಎಂಬ ಉದ್ಗಾರ ಕೇಳಿತು. ನಿರಿಗೆಯನ್ನು ಒತ್ತಿ, ಸೊಂಟಕ್ಕೆ ಸಿಕ್ಕಿಸಿ, ಸೆರಗು ಹೊದ್ದು, ಫೋಟೋದ ಪಕ್ಕ ಹೋಗಿ, ಕಲ್ಲಿನವಳಂತೆ ಒಂದು ಮೊಣಕಾಲು ಸಡಿಲ ಮಾಡಿ ನಿಂತ. ಆಮೇಲೆ ಕೈ ಬಿಟ್ಟ.

ನಿರಿಗೆ ಬೀಸಣಿಗೆಯಂತೆ ಬಿಚ್ಚಿಕೊಂಡು ಮುಂದಕ್ಕೆ ಚಾಚಿ ನಿಂತಿತು.

ಸಭೆ ನಕ್ಕಿತು. ನಗದೆ ಏನು ಮಾಡೀತು? ಮೀಸೆ, ರುಮಾಲು, ಅದರ ಕೆಳಗೆ ಇಳಕಲ್ ಸೀರೆ. ಅಪ್ಪ ಮಾತ್ರ ಅಲುಗಾಡಲಿಲ್ಲ. ಅಂಗಡಿಯ ದನಿಯಲ್ಲಿ, “ಅಂಚು ನೋಡ್ರಿ. ಅಂಚು ಭಾರ ಅದ, ಅದಕ್ಕ ತುದಿ ಹೊರಗ ಮಗಚತದ. ಕಲ್ಲಿನಾಕಿ ತುದೀನೂ ನೋಡ್ರಿ” ಎಂದ. ಮರಾಠಿ ಮರೆತೇಹೋಗಿತ್ತು. ಯಾರಿಗೂ ಅದರ ಅಗತ್ಯವೂ ಬೀಳಲಿಲ್ಲ.

ಕೃಷ್ಣಾಜಿಪಂತರು ಎದ್ದು ಬಂದರು. ಕನ್ನಡಕ ಒರೆಸಿಕೊಂಡು ಫೋಟೋ ನೋಡಿದರು, ಬಗ್ಗಿ ಅಪ್ಪನ ಕಾಲ ಬಳಿಯ ನಿರಿಗೆ ನೋಡಿದರು, ಮತ್ತೆ ಫೋಟೋ ನೋಡಿದರು. ಕಲ್ಲಿನ ನಿರಿಗೆಯ ತುದಿಯೂ ಅದೇ ರೀತಿ ಹೊರಕ್ಕೆ ಮಗುಚಿತ್ತು. ಅಷ್ಟು ಹೊತ್ತಿಗೆ ನಗು ಒಂದೊಂದೇ ಸಾಲಿನಿಂದ ಅಡಗಿತ್ತು.

“ಹದಿನೈದು ವರ್ಷದಿಂದ ತಪ್ಪು ಕಲಿಸುತ್ತಿದ್ದೇನೆ” ಎಂದರು ಅವರು, ಎಲ್ಲರಿಗೂ ಕೇಳುವಂತೆ. ಮತ್ತೆ ಆ ಹದಿನೆಂಟು ಹುಡುಗರ ಕಡೆ ತಿರುಗಿ, “ಹಲಗೆ ತನ್ನಿ. ಇವರನ್ನು ಹೀಗೇ ನೋಡಿ ಬರೆಯಿರಿ. ಶಿವಪುತ್ರಪ್ಪ, ನೀವು ಕದಲಬೇಡಿ. ಈ ಸಲ ದಯವಿಟ್ಟು ಏನನ್ನೂ ಮಡಚಬೇಡಿ” ಎಂದರು.

ಆಗ ಎಲ್ಲರೂ ಎದ್ದು ನಿಂತು ಹೊಡೆದ ಚಪ್ಪಾಳೆ! ವಾಡೆಯ ಪಾರಿವಾಳಗಳೆಲ್ಲ ಹಾರಿಹೋದವು. ‘ಬಟ್ಟೆ ಮಡಚಿದವನು’ ಎಂದಿದ್ದ ಹುಡುಗ ಎಲ್ಲರಿಗಿಂತ ಮುಂದೆ ಹಲಗೆ ಹಿಡಿದು ಕೂತ. ಅಪ್ಪ ಒಂದು ತಾಸು ಸೀರೆ ಉಟ್ಟು ನಿಂತ. ಅವ್ವ ಮೊದಲ ಸಾಲಿನಲ್ಲಿ ಒಬ್ಬ ವಕೀಲರು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತು ಅವನನ್ನೇ ನೋಡಿದಳು.

ಮನೆಗೆ ಬರುವಾಗ ನಾನು ಕೇಳಿದೆ: “ಅವ್ವಾ, ಕೊಡಬೇಕಂತನ ತಂದಿದ್ದೇನು?”

“ಇಲ್ಲ. ಸುಮ್ನ ತಂದಿದ್ದೆ. ಅವರು ನಗದಿದ್ರ ಕೊಡ್ತಿದ್ದಿಲ್ಲ.”

ಅಪ್ಪನಿಗೆ ಮೊದಲ ದರ್ಜೆ ಬಂತು. ವಸ್ತ್ರದ ಪರೀಕ್ಷೆ ಮತ್ತೆ ಬರೆದ. ಆ ದಿನ ಚಹಾಕ್ಕೆ ಬಿಟ್ಟಾಗ ಎದ್ದೇ ಹೋಗಲಿಲ್ಲ, ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದನಂತೆ. ಮೂರು ವರ್ಷಕ್ಕೆ ಕಾಲೇಜು ಮುಗಿಸಿದ. ಅಂಗಡಿ ಬಿಡಲಿಲ್ಲ. ಆದರೆ ಪ್ರತಿ ಭಾನುವಾರ ಬೆಳಿಗ್ಗೆ ಕಾಲೇಜಿನಲ್ಲಿ ವಸ್ತ್ರ ಬರೆಯುವುದನ್ನು ಕಲಿಸುವವನು ಈಗ ಅವನೇ. ಕುರ್ಚಿಯ ಮೇಲೆ ಬಟ್ಟೆ ಎಸೆಯುವ ಕೆಲಸವನ್ನು ಮಾತ್ರ ಬೇರೆಯವರಿಗೆ ಹೇಳುತ್ತಾನೆ. ತನ್ನ ಕೈಯಿಂದ ಆಗುವುದಿಲ್ಲವಂತೆ.

ಆ ವರ್ಷವೇ ನಾವೆಲ್ಲ ಜೇಜುರಿಗೆ ಹೋದೆವು. ಅವ್ವ ಆ ದಾಳಿಂಬ ಬಣ್ಣದ ಸೀರೆಯನ್ನೇ ಉಟ್ಟಿದ್ದಳು. ಮೆಟ್ಟಿಲು ಹತ್ತುವಾಗ ಅಪ್ಪ ಎರಡು ಸಲ, “ಹರಕಿ ತಪ್ಪಿತಲ್ಲ, ಗೌರಾ” ಎಂದ. ಅವಳು ಸೆರಗು ಬಿಗಿದು ಮುಂದಿನ ಮೆಟ್ಟಿಲು ಹತ್ತಿದಳು. ಮೇಲೆ ಭಕ್ತರು ಎರಚಿದ ಭಂಡಾರದ ಅರಿಶಿನದಲ್ಲಿ ನೆಲ, ಗೋಡೆ, ಜನ ಎಲ್ಲ ಹಳದಿಯಾಗಿತ್ತು. ಅವ್ವ ಗರ್ಭಗುಡಿಯ ಎದುರು ನಿಂತು, ನಿರಿಗೆ ಸರಿಪಡಿಸಿಕೊಂಡು, ಎದುರುಮನೆಯವರ ಜೊತೆ ಮಾತಾಡುವ ದನಿಯಲ್ಲಿ ದೇವರಿಗೆ ಹೇಳಿದಳು:

“ಮಲ್ಲಯ್ಯಾ, ಘಡಿ ನಿನ್ನ ಮುಂದ ಮುರೀತೀನಿ ಅಂದಿದ್ದೆ. ಮುರಿದ ಸೀರಿ ಉಟ್ಟು ಬಂದೀನಿ. ಸಿಟ್ಟಾಗಬ್ಯಾಡ. ಯಾರು ಮುರಿದ್ರು, ಎಲ್ಲಿ ಮುರಿದ್ರು, ಎಷ್ಟು ಮಂದಿ ಎದ್ದು ನಿಂತು ಚಪ್ಪಾಳಿ ಹೊಡೆದ್ರು, ಎಲ್ಲಾ ಹೇಳ್ತೀನಿ, ಕೇಳು.”

ಹಿಂದಿನ ಸಾಲಿನವರು ತಳ್ಳಿದರು, ಪೂಜಾರಿ ಎರಡು ಸಲ ‘ಮುಂದೆ ನಡೀರಿ’ ಎಂದ. ಅವ್ವ ಪೂರ್ತಿ ಹೇಳಿ ಮುಗಿಸಿದ ಮೇಲೆಯೇ ಕದಲಿದಳು.