ಎರಡನೆಯ ಕಾಪಿ

ಕಾಲೇಜಿನ ಲೈಬ್ರರಿ ಮೇಡಂಗೆ ಹುಡುಗರು ಇಟ್ಟ ಹೆಸರು ಸಿಡಿಗುಂಡು. ಅದು ಆಕೆಗೂ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ಪ್ರತಿ ವರ್ಷ ಹೊಸ ಮಕ್ಕಳನ್ನು ಕೂರಿಸಿಕೊಂಡು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು: ಓದಲು ಹಾಲ್, ಹುಡುಕಲು ಕಂಪ್ಯೂಟರ್, ಜೆರಾಕ್ಸ್, ಹಳೆಯ ಪ್ರಶ್ನೆಪತ್ರಿಕೆಗಳು, ಕೊಳ್ಳಲಾಗದವರಿಗೆ ವರ್ಷಪೂರ್ತಿ ಪಠ್ಯಪುಸ್ತಕ. "ಮೇಷ್ಟ್ರಿಂದ ಹಿಡಿದು ಗೇಟಿನ ವಾಚ್‌ಮನ್‌ವರೆಗೂ ಇಲ್ಲಿ ಎಲ್ಲರೂ ಒಂದೇ. ಆದ್ರೆ ಬಾಲ ಬಿಚ್ಚಿದ್ರೆ ಕತ್ತರಿಸಿಬಿಡ್ತೀನಿ!"

ಎಲ್ಲರೂ ಒಂದೇ! ಕೇಳುವುದಕ್ಕೇನೋ ಬಲು ಚೆನ್ನ.

ಪರೀಕ್ಷೆ ಹತ್ತಿರವಾದರೆ ಆಕೆಗೆ ಒಂದು ಕೆಲಸ ಹೆಚ್ಚುತ್ತಿತ್ತು. ಅಲ್ಲೇ ಕೂತು ಓದಬೇಕಾದ, ಮನೆಗೆ ಕೊಡದ ಪುಸ್ತಕಗಳನ್ನು ಯಾರೂ ಮುಟ್ಟದ ಕಪಾಟಿನಲ್ಲಿ ಮಕ್ಕಳು ಬಚ್ಚಿಡುತ್ತಿದ್ದರು, ನಾಳೆಯೂ ತಮಗೇ ಸಿಗಲಿ ಎಂದು. ಬಾಗಿಲು ಹಾಕುವ ಮುಂಚೆ ಅವನ್ನೆಲ್ಲ ಹುಡುಕಿ ತೆಗೆಯಬೇಕು. ಆ ಸಂಜೆ ಸಂಖ್ಯಾಶಾಸ್ತ್ರದ ಇಟ್ಟಿಗೆಯಂಥ ಪುಸ್ತಕವನ್ನು ಹಳೆಯ ವಾರ್ಷಿಕ ವರದಿಗಳ ಹಿಂದೆ ತುರುಕುತ್ತಿದ್ದ ಹುಡುಗಿಯೊಬ್ಬಳು ಸಿಕ್ಕಿಬಿದ್ದಳು. ಕ್ಲಾಸು ಮುಗಿಸಿ ಬಟ್ಟೆ ಅಂಗಡಿಯಲ್ಲಿ ದುಡಿದು, ಅಲ್ಲಿಂದ ಲೈಬ್ರರಿಗೆ ಓಡಿ ಬರುವವಳು.

"ಇದೇನು ನಿಮ್ಮಪ್ಪನ ಮನೆ ಆಸ್ತಿನಾ?"

"ಅಲ್ಲ ಮೇಡಂ. ನಾನು ಬರೋ ಹೊತ್ತಿಗೆ ದಿನಾ ಯಾರೋ ತಗೊಂಡಿರ್ತಾರೆ. ಎರಡು ಕಾಪಿ ಇದೆ ಅಂತ ಕಂಪ್ಯೂಟರ್ ತೋರಿಸುತ್ತೆ. ಇನ್ನೊಂದು ಎಲ್ಲಿದೆ?"

"ಅದು ಮೇಷ್ಟ್ರ ಹತ್ರ ಇರುತ್ತೆ, ವಾಪಸ್ ಕೊಡೋಕೆ ಅವರಿಗೆ ವಾಯಿದೆ ಇಲ್ಲ. ನನ್ನನ್ನೇ ಕೇಳ್ತೀಯಾ? ಕೊಡು ಕಾರ್ಡು! ಪರೀಕ್ಷೆ ಮುಗಿಯೋವರೆಗೂ ಈ ಕಡೆ ತಲೆ ಹಾಕಬೇಡ."

ಹಾಲ್ ತುಂಬ ಜನ ನೋಡುತ್ತಿದ್ದರು. ಹುಡುಗಿ ಕಾರ್ಡನ್ನು ಮೇಜಿನ ಮೇಲಿಟ್ಟು, ಕಣ್ಣೊರೆಸಿಕೊಂಡು ಹೋದಳು. ಮುಂದಿನ ವಾರವೇ ಪರೀಕ್ಷೆ. ಆ ಪುಸ್ತಕವಿಲ್ಲದೆ ಅವಳು ಪಾಸಾಗುವುದು ದೂರದ ಮಾತು.

ಮನೆಗೆ ಬಂದರೂ ಮೇಡಂ ಸಿಟ್ಟು ಇಳಿದಿರಲಿಲ್ಲ. ಸಿಟ್ಟು ಬಂದರೆ ಬಟ್ಟೆ ಹಿಡಿದು ಮನೆಯ ಧೂಳು ಒರೆಸುವುದು ಆಕೆಯ ರೂಢಿ. ಒರೆಸುತ್ತ ಒರೆಸುತ್ತ ಗಂಡನ ಮೇಜಿನ ಹತ್ತಿರ ಬಂದಳು. ಗಂಡ ಅದೇ ಕಾಲೇಜಿನ ಸಂಖ್ಯಾಶಾಸ್ತ್ರದ ಮೇಷ್ಟ್ರು. ಕಂಪ್ಯೂಟರಿನ ಪರದೆ ಕಣ್ಣಿನ ಮಟ್ಟಕ್ಕೆ ಬರಲೆಂದು ಅದರಡಿಗೆ ಸಂಖ್ಯಾಶಾಸ್ತ್ರದ ಅದೇ ದಪ್ಪ ಪುಸ್ತಕ ಇಟ್ಟಿದ್ದ. ಅಂಚಿನಲ್ಲಿ ಲೈಬ್ರರಿಯ ನೀಲಿ ಮುದ್ರೆ, ಆಕೆ ಕೈಯಾರೆ ಒತ್ತಿದ್ದು. ವರ್ಷಗಟ್ಟಲೆ ಅದರ ಮೇಲಿನ ಧೂಳು ಒರೆಸಿದ್ದಳು. ಒಂದು ದಿನವೂ ಸಿಟ್ಟು ಬಂದಿರಲಿಲ್ಲ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಇಲ್ಲಿ ಅತ್ತೆಯ ಮೇಲೆ ಕೋಪವೇ ಬಂದಿರಲಿಲ್ಲ, ಕೊತ್ತಿಗೆ ಮಾತ್ರ ಏಟು! ಈಗ ಬಂತು ನೋಡಿ, ಅಂಗಾಲಿನಿಂದ ನೆತ್ತಿಯವರೆಗೆ.

"ರೀ, ಈ ಪುಸ್ತಕ ಯಾವತ್ತಾದ್ರೂ ತೆರೆದಿದ್ದೀರಾ?"

"ನಂಗೆಲ್ಲ ಬಾಯಿಪಾಠ ಕಣೇ. ಅದನ್ನ ಎಳೀಬೇಡ, ಸ್ಕ್ರೀನ್ ಕೆಳಗಾದ್ರೆ ಕತ್ತು ನೋಯುತ್ತೆ."

"ನಿಮ್ಮ ಕತ್ತು ನೆಟ್ಟಗಿರಲಿ ಅಂತ ನಿಮ್ಮದೇ ಕ್ಲಾಸಿನ ಹುಡುಗಿ ಕತ್ತು ಕುಯ್ದು ಬಂದೆನಲ್ರೀ ನಾನು!"

ಎಳೆದೇ ಬಿಟ್ಟಳು. ಪರದೆ ಧೊಪ್ಪನೆ ಮೇಜಿನ ಮೇಲೆ ಬಿತ್ತು. ಗಂಡ ಗೊಣಗುತ್ತಲೇ ಇದ್ದ, ಆಕೆ ತಿರುಗಿಯೂ ನೋಡಲಿಲ್ಲ.

ಮರುದಿನ ಮೇಡಂ ಅವಳ ಗೆಳತಿಯೊಬ್ಬಳ ಕೈಲಿ ಹೇಳಿ ಕಳಿಸಿದ ಮೇಲೆ ಹುಡುಗಿ ಬಂದಳು, ಲೈಬ್ರರಿಯ ಹೊಸ್ತಿಲಲ್ಲೇ ನಿಂತಳು.

"ಒಳಗೆ ಬಾ. ತಗೋ ನಿನ್ನ ಕಾರ್ಡು. ಈ ಪುಸ್ತಕಾನೂ ಮನೆಗೆ ತಗೊಂಡು ಹೋಗು."

"ಇದು ಮನೆಗೆ ಕೊಡೋ ಪುಸ್ತಕ ಅಲ್ವಲ್ಲ ಮೇಡಂ?"

ಗಂಡನೂ ಆ ಹೊತ್ತಿಗೆ ಪೇಪರ್ ಓದಲು ಬಂದು ಕೂತಿದ್ದ. ಪಿಸುಮಾತಿಗೂ ಸಿಡಿಯುವ ಆಕೆ, ನಿನ್ನೆಗಿಂತ ಜೋರಾಗಿ, ಇಡೀ ಹಾಲಿಗೆ ಕೇಳುವಂತೆ ಕೂಗಿದಳು:

"ಇಷ್ಟು ವರ್ಷ ಮನೆಯಲ್ಲೇ ಇತ್ತು ಕಣೇ. ನಮ್ಮ ಮನೆಯಲ್ಲಿ!"