ಭಾವನ ಕಾಯಿಲೆಗೆ ಅಂಕೆ ಸಿಕ್ಕಿತು

ಕಳೆದ ವಾರ ನಮ್ಮಕ್ಕ ಅಂಗಡಿಯಿಂದ ಬೆಲ್ಲ ತರಿಸಿ ಮಡಿಕೇರಿ ಆಸ್ಪತ್ರೆಯ ವರಾಂಡದಲ್ಲಿ ಕಂಡಕಂಡವರಿಗೆಲ್ಲ ಹಂಚಿದಳು. ಭಾವನ ಕಾಯಿಲೆ ಅಂಕೆಗೆ ಸಿಕ್ಕಿತಂತೆ!

ಭಾವ ಮೂರ್ನಾಡಿನ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್. ಬೆಳಗಿನ ಮಂಜಿನಲ್ಲಿ ನಿಂತು ಆಳುಗಳನ್ನು ನಂಬರ್ ಹಿಡಿದು ಕೂಗುವುದು ಅವರ ಕೆಲಸ. ಬೀಡಿ ಅವರ ಉಸಿರು. (ಮಂಜು ಯಾವುದು, ಹೊಗೆ ಯಾವುದು, ಹೇಳುವವರಾರು?) ಈಗ ಕಾಲಿನ ರಕ್ತನಾಳಗಳಿಗೆ ಉರಿಯೂತ. ಹೆಬ್ಬೆರಳು ಕಪ್ಪಗಾಗಿದೆ. "ಬೀಡಿ ಬಿಟ್ಟರೆ ಕಾಲು ಉಳಿದೀತು, ಇಲ್ಲದಿದ್ದರೆ ಕತ್ತರಿಸಬೇಕು" ಎಂದಿದ್ದರು ಡಾಕ್ಟರ್. ಅಂದೇ ಅಕ್ಕ ಬೀಡಿ ಕಟ್ಟನ್ನು ತನ್ನ ಸೆರಗಿನ ಗಂಟಿಗೆ ಸೇರಿಸಿದಳು.

ಇಷ್ಟರಲ್ಲಿ ಆಸ್ಪತ್ರೆಗೆ ಹೊಸ ಪುಸ್ತಕವೊಂದು ಬಂದಿದೆ. ಜಗತ್ತಿನ ಕಾಯಿಲೆಗಳಿಗೆಲ್ಲ ಅದರಲ್ಲಿ ಒಂದೊಂದು ನಂಬರ್. ಲಂಡನ್ನಿನ ಜ್ವರಕ್ಕೂ ಮಡಿಕೇರಿಯ ಜ್ವರಕ್ಕೂ ಇನ್ನು ಒಂದೇ ನಂಬರಂತೆ. (ನಮ್ಮ ಪುಟ್ಟ ಕೊಡಗು ರಾಜ್ಯ ಮೈಸೂರಿಗೆ ಸೇರಬೇಕೋ ಬೇಡವೋ ಎಂದು ನಾವು ಕಿತ್ತಾಡುತ್ತಿದ್ದೇವೆ. ಕಾಯಿಲೆಗಳು ಆಗಲೇ ಒಂದಾಗಿವೆ!)

ಅಲ್ಲಿನ ಗುಮಾಸ್ತರು ಮೈಸೂರು ಕಡೆಯವರು, ಅಚ್ಚಗನ್ನಡದ ಅಭಿಮಾನಿ. 'ನಂಬರ್' ಎನ್ನಲು ಅವರಿಗೆ ನಾಲಿಗೆ ಹೊರಳದು. ಪುಟ ತಿರುವಿ ತಿರುವಿ ಕಡೆಗೆ, "ಸಿಕ್ತು ಕಣಮ್ಮ, ನಿಮ್ಮ ಯಜಮಾನ್ರ ಕಾಯಿಲೆಗೆ ಅಂಕೆ ಸಿಕ್ತು!" ಎಂದರು.

ಅಕ್ಕನ ಕಿವಿಗೆ ಬಿದ್ದದ್ದು, ಕಾಯಿಲೆ ಅಂಕೆಗೆ ಸಿಕ್ತು ಎಂದು. ಎಷ್ಟು ವ್ಯತ್ಯಾಸ? ಒಂದು ಕಾಲಿನಷ್ಟು.

ನಾನೂ ನಂಬಿದೆ. ಬೆಲ್ಲ ಬಾಯಿಗೆ ಹಾಕಿಕೊಂಡು ಬೆಂಚಿನ ಮೇಲೆ ಭಾವನ ಪಕ್ಕದಲ್ಲೇ ಕಣ್ಮುಚ್ಚಿದೆ. ಗುಡ್ಡದ ಕಡೆಯಿಂದ ಕಾಫಿ ಹೂವಿನ ಘಮ. ಅರೆನಿದ್ದೆಯಲ್ಲಿ ನೋಡುತ್ತೇನೆ, ಜಗತ್ತಿನ ಕಾಯಿಲೆಗಳೆಲ್ಲ ಕಂಬಳಿ ಹೊದ್ದು ಮಂಜಿನಲ್ಲಿ ಸಾಲಾಗಿ ನಿಂತಿವೆ. ಭಾವ ನಂಬರ್ ಕೂಗುತ್ತಿದ್ದಾರೆ. ಕೆಮ್ಮು 'ಹಾಜರ್' ಎಂದಿತು. ಜ್ವರ ನಡುಗುತ್ತಲೇ 'ಹಾಜರ್' ಎಂದಿತು. ಕಡೆಯ ನಂಬರಿಗೆ ಮಾತ್ರ ಯಾರೂ ಓಗೊಡಲಿಲ್ಲ. ಭಾವ ಮೆಲ್ಲಗೆ ಬಗ್ಗಿ ತಮ್ಮ ಕಾಲು ನೋಡಿಕೊಂಡರು.

ಗಾಬರಿಯಾಗಿ ಎದ್ದೆ. ಕಣ್ಣೆದುರಿಗೇ ಗುಮಾಸ್ತರ ಪುಸ್ತಕ, ಅದರ ತುಂಬ ನಂಬರುಗಳು. ಆಗ ಹೊಳೆಯಿತು ಅವರ 'ಅಂಕೆ' ಏನೆಂದು! ಅಷ್ಟರಲ್ಲಿ ಪಕ್ಕದಲ್ಲಿ ಬೆಂಕಿಕಡ್ಡಿ ಗೀರಿದ ಸದ್ದು. ಅಕ್ಕ ಖುಷಿಯಲ್ಲಿ ಬೀಡಿ ಕಟ್ಟನ್ನು ಭಾವನಿಗೆ ಮರಳಿ ಕೊಟ್ಟಿದ್ದಾಳೆ.

"ಅಂಕೆ ಅಂದ್ರೆ ನಂಬರ್ ಕಣಕ್ಕಾ! ವಾಸಿಯಾಗಿದೆ ಅಂತಲ್ಲ!"

ಅಕ್ಕನ ಮುಖ ಬಿಳಿಚಿತು. ಆ ಮುಖ ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. "ಕೊಡ್ರಿ ಇಲ್ಲಿ" ಎಂದು ಕೈಚಾಚಿದಳು.

"ಹಚ್ಚಿ ಆಯ್ತಲ್ಲ ಮಾರಾಯ್ತಿ, ಇದೊಂದು..." ಎಂದರು ಭಾವ.

ಅಕ್ಕ ಅದನ್ನು ಅವರ ತುಟಿಯಿಂದಲೇ ಕಿತ್ತು ಹೊಸಕಿದಳು. ಭಾವನ ಕಣ್ಣು ಮಾತ್ರ ಮಂಜಿನೊಳಗೆ ಕರಗುತ್ತಿದ್ದ ಹೊಗೆಯ ಹಿಂದೆಯೇ ಹೋಯಿತು.

ಕಾಯಿಲೆಗೇನೋ ಅಂಕೆ ಸಿಕ್ಕಿತು. ಬೀಡಿಗೆ?