ಚಕ್ರದ ಮೇಲಿನ ಟವಲು

ಚಕ್ರದ ಮೇಲಿದ್ದ ಟವಲನ್ನು ತೆಗೆದವನು ನಾನು. ಮುನಿಶಾಮಪ್ಪನವರು ಅದನ್ನು ಹಾಕಿದ್ದರು, ನಾನು ತೆಗೆದೆ, ಮತ್ತೆ ಹಾಕಲಿಲ್ಲ. ಇಷ್ಟನ್ನು ಬರೆಯಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ದಿನವೂ ಏನಾದರೊಂದು ಬರೆಯುವುದೇ ನನ್ನ ಉದ್ಯೋಗ.

ಸಂಪಾದಕರು ನನ್ನಿಂದ ಕೇಳಿದ್ದು ಇದನ್ನಲ್ಲ. ನಮ್ಮ ಕಡೆ ಹೊಸ ಕಾರ್ಖಾನೆಗಳು ಏಳುತ್ತಿವೆ, ಆದರೆ ಫಿಟ್ಟರುಗಳೂ ಮೆಕ್ಯಾನಿಕ್ಕುಗಳೂ ಒಂದು ಕಡೆ ನಿಲ್ಲುತ್ತಿಲ್ಲ, ನಿಂತವರೂ ಮನಸ್ಸಿಟ್ಟು ದುಡಿಯುತ್ತಿಲ್ಲ ಎಂಬ ದೂರಿದೆ. ಯಂತ್ರದ ಕೆಲಸ ಬಲ್ಲವನಿಗೆ ತೃಪ್ತಿ ಸಿಗುವುದು ಯಾವುದರಿಂದ, ಸುತ್ತಾಡಿ ಕೇಳಿ ಬರೆಯಿರಿ ಎಂದಿದ್ದರು. ಚಿಕ್ಕಬಳ್ಳಾಪುರದಲ್ಲಿ ಕುಳಿತು ಇಷ್ಟು ವರ್ಷ ಸುದ್ದಿ ಕಳಿಸಿದವನಿಗೆ ಇದು ಕಷ್ಟದ ಕೆಲಸವಲ್ಲ. ಸುತ್ತಿದೆ. ನಮ್ಮೂರಿನ ಬಸ್ಸಿನ ಷೆಡ್ಡಿನಲ್ಲಿ ಒಳ್ಳೆಯ ಉಪಕರಣ ಕೊಡಲಿ ಎಂದರು. ಗೌರಿಬಿದನೂರಿನ ಗಿರಣಿಯಲ್ಲಿ ಮನೆ ಕೊಡಲಿ, ರಾತ್ರಿ ಪಾಳಿ ಸರದಿಯ ಪ್ರಕಾರ ಬರಲಿ ಎಂದರು. ಎಲ್ಲವನ್ನೂ ಬರೆದುಕೊಂಡೆ. ಚಿಂತಾಮಣಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರೊಬ್ಬರು ಮೋಟಾರಿನಿಂದ ತಲೆಯೆತ್ತದೆಯೇ ಹೇಳಿದರು:

"ಸಂಬಳ ಯಾರಿಗೆ ಬೇಡ ಸ್ವಾಮಿ? ಆದ್ರೆ ನಾನು ನಿಲ್ಸು ಅಂದ್ರೆ ಮಿಷನ್ನು ನಿಲ್ಬೇಕು. ಅದಿಲ್ದೇ ಹೋದ್ರೆ ನಾನು ಸ್ಪ್ಯಾನರ್ ಹಿಡ್ಕೊಂಡಿರೋ ಕೂಲಿಯವನು, ಅಷ್ಟೇ."

ನನ್ನ ಪೆನ್ಸಿಲು ಅಲ್ಲಿ ನಿಂತಿತು. ಇದೇ ಮಾತನ್ನು ಹೆಚ್ಚುಕಡಿಮೆ ಇದೇ ಧ್ವನಿಯಲ್ಲಿ ನಾನು ಹಿಂದೆ ಒಮ್ಮೆ ಕೇಳಿದ್ದೆ. ಕೇಳಿದ ದಿನವೇ ಅದನ್ನು ಹಾಳುಮಾಡಿದ್ದೆ.

ಅದು ಐವತ್ತರ ದಶಕದ ನಡುವಿನ ಮಾತು. ಶಿಡ್ಲಘಟ್ಟದ ಹತ್ತಿರ ರೇಷ್ಮೆಗೂಡಿನಿಂದ ನೂಲು ತೆಗೆಯುವ ಒಂದು ಕಾರ್ಖಾನೆ ಇತ್ತು. ಹೆಸರು ಬೇಡ, ತಪ್ಪು ಕಾರ್ಖಾನೆಯದಲ್ಲ. ಉದ್ದನೆಯ ಹಜಾರದಲ್ಲಿ ಸಾಲುಸಾಲು ಬಿಸಿನೀರಿನ ತೊಟ್ಟಿಗಳು. ತೊಟ್ಟಿಯಲ್ಲಿ ಗೂಡು ಬೇಯುತ್ತಿತ್ತು. ಎದುರಿಗೆ ಕುಳಿತ ಹೆಂಗಸರು ಕಣ್ಣಿಗೆ ಕಾಣದಂಥ ಎಳೆಯನ್ನು ಬೆರಳಿನಲ್ಲೇ ಹುಡುಕಿ ರಾಟೆಗೆ ಕೊಡುತ್ತಿದ್ದರು. ನೀರು ಕಾಯಿಸುವ ಆವಿ ಪಕ್ಕದ ಷೆಡ್ಡಿನ ಬಾಯ್ಲರಿನಿಂದ ಕೊಳವೆಗಳಲ್ಲಿ ಬರುತ್ತಿತ್ತು. ಒಂದೊಂದು ಸಾಲಿಗೆ ಒಂದೊಂದು ಕೊಳವೆ, ಅದಕ್ಕೆ ಷೆಡ್ಡಿನಲ್ಲೇ ಒಂದು ಪಿತ್ತಳೆಯ ಚಕ್ರ. ಚಕ್ರ ತಿರುಗಿಸಿದರೆ ಆ ಸಾಲಿಗೆ ಆವಿ ಹೋಗುತ್ತದೆ.

ಕೊಳವೆಗಳ ಉಸ್ತುವಾರಿ ಫಿಟ್ಟರ್ ಮುನಿಶಾಮಪ್ಪನವರದು. ಮೇಲೂರಿನವರು. ಒಂದಿಷ್ಟು ಹಿಪ್ಪುನೇರಳೆ ತೋಟವಿತ್ತು, ಅದನ್ನು ತಮ್ಮಂದಿರಿಗೆ ಬಿಟ್ಟು ಕಬ್ಬಿಣಕ್ಕೆ ಕೈ ಹಾಕಿದವರು. ಅವರದೊಂದು ಪದ್ಧತಿಯಿತ್ತು. ಕೊಳವೆ ಬಿಚ್ಚುವ ಮುನ್ನ ಚಕ್ರವನ್ನು ಮುಚ್ಚಿ, ಹೆಗಲ ಮೇಲಿನ ಕೆಂಪು ಟವಲನ್ನು ಅದಕ್ಕೆ ಸುತ್ತುತ್ತಿದ್ದರು. ಟವಲು ಇರುವವರೆಗೆ ಆ ಚಕ್ರವನ್ನು ಯಾರೂ ಮುಟ್ಟುವಂತಿಲ್ಲ — ಬಾಯ್ಲರಿಗೆ ಸೌದೆ ಹಾಕುವ ಪಿಳ್ಳಪ್ಪನವರೂ ಇಲ್ಲ, ಮ್ಯಾನೇಜರೂ ಇಲ್ಲ. ಕೆಲಸ ಮುಗಿಸಿ ಅವರೇ ಬಂದು ತೆಗೆಯಬೇಕು. ಯಾವ ಕಾನೂನಿನಲ್ಲೂ ಬರೆದಿರದ ಈ ಕಟ್ಟಳೆಯನ್ನು ಇಡೀ ಕಾರ್ಖಾನೆ ಪಾಲಿಸುತ್ತಿತ್ತು. ಹೆಂಗಸರು ತಮಾಷೆ ಮಾಡುತ್ತಿದ್ದರು. "ಮುನಿಶಾಮಪ್ಪನ ಟವಲು ಅಮಲ್ದಾರರ ಸೀಲು ಇದ್ದಂಗೆ ಕಣಮ್ಮ, ಅವನ ಹೆಂಡ್ತಿ ಮುಟ್ಟಿದ್ರೂ ಜಾಮೀನಿಲ್ಲ" ಎಂದು ಅಕ್ಕಯ್ಯಮ್ಮ ಎಂಬವರು ಹೇಳಿ ಸಾಲನ್ನೆಲ್ಲ ನಗಿಸಿದ್ದು ನನಗೆ ನೆನಪಿದೆ. ಎಳೆ ಹಿಡಿಯುವುದರಲ್ಲಿ ಆ ಸಾಲಿಗೇ ಅಕ್ಕಯ್ಯಮ್ಮನವರ ಬೆರಳು ಮೇಲು.

ಅಂದು ಮೇಲಧಿಕಾರಿಯೊಬ್ಬರು ಕಾರ್ಖಾನೆ ನೋಡಲು ಬರುವವರಿದ್ದರು. ಪತ್ರಿಕೆಯ ಕ್ಯಾಮೆರಾ ಹಿಡಿದು ನಾನು ಬೆಳಿಗ್ಗೆಯೇ ಹೋಗಿದ್ದೆ. ಅಕ್ಕಯ್ಯಮ್ಮನವರ ತೊಟ್ಟಿಯ ಹತ್ತಿರ ಕೊಳವೆ ಸೋರುತ್ತಿತ್ತು. ಮುನಿಶಾಮಪ್ಪನವರು ಆ ಸಾಲಿನ ಚಕ್ರ ಮುಚ್ಚಿ ಟವಲು ಸುತ್ತುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಸಾಹೇಬರು ಬರುವ ಹೊತ್ತಿಗೆ ಇದೇನು ಎಂದು ಮ್ಯಾನೇಜರು ಸಿಡುಕುವುದಿಲ್ಲವೇ ಎಂದೆ. ಅವರು ನಕ್ಕರು.

"ಈ ಕಾರ್ಖಾನೇಲಿ ನಂಗೆ ಇರೋದು ಇದೊಂದೇ ಸ್ವಾಮಿ. ನಾನು ಹಾಕಿದ್ರೆ ನಾನೇ ತೆಗೀಬೇಕು. ಅದಕ್ಕೇ ಬೆಳಗಾದ್ರೆ ಬರೋಣ ಅನ್ಸುತ್ತೆ."

ಗೊತ್ತಿರಲಿಲ್ಲ ಎಂದು ನಾನು ಬರೆಯಬಹುದಾಗಿತ್ತು. ಓದುವವರು ನಂಬುತ್ತಿದ್ದರು ಕೂಡ. ಆದರೆ ಗೊತ್ತಿತ್ತು — ಅವರ ಬಾಯಿಂದಲೇ ಕೇಳಿದ್ದೆ.

ಅವರು ಹಜಾರಕ್ಕೆ ಹೋದರು. ಪಿಳ್ಳಪ್ಪನವರು ಸೌದೆ ತರಲು ಹಿತ್ತಲಿಗೆ ಹೋಗಿದ್ದರು. ಷೆಡ್ಡಿನಲ್ಲಿ ನಾನೊಬ್ಬನೇ. ಕಿಟಕಿಯಿಂದ ಬಿಸಿಲಿನ ಕೋಲೊಂದು ಬಂದು, ಸಾಹೇಬರಿಗಾಗಿ ಹುಣಿಸೆಹಣ್ಣಿನಲ್ಲಿ ತಿಕ್ಕಿ ಬೆಳಗಿದ್ದ ಪಿತ್ತಳೆ ಚಕ್ರಗಳ ಮೇಲೆ ಬಿದ್ದಿತ್ತು. ಒಳ್ಳೆಯ ಚಿತ್ರವಾಗುತ್ತಿತ್ತು. ಒಂದು ಚಕ್ರದ ಮೇಲೆ ಮಾತ್ರ ಆ ಎಣ್ಣೆಗಟ್ಟಿದ ಟವಲು. ನಾನು ಅದನ್ನು ಬಿಡಿಸಿ, ಪಕ್ಕದ ಗೋಡೆಯ ಮೊಳೆಗೆ ನೇತುಹಾಕಿ, ಚಿತ್ರ ತೆಗೆದೆ. ಮತ್ತೆ ಸುತ್ತಬೇಕು ಎಂದುಕೊಂಡೇ — ಅಷ್ಟರಲ್ಲಿ ಹೊರಗೆ ಜೀಪಿನ ಸದ್ದಾಯಿತು. ಸಾಹೇಬರು ಇಳಿಯುವ ಚಿತ್ರ ಬೇಕಿತ್ತು. ಓಡಿದೆ.

ಸಾಹೇಬರು ಹಜಾರಕ್ಕೆ ಬರುವ ಮೊದಲು ಎಲ್ಲ ತೊಟ್ಟಿಗಳೂ ಕಾದಿರಲಿ ಎಂದು ಪಿಳ್ಳಪ್ಪನವರಿಗೆ ಅಪ್ಪಣೆ ಹೋಯಿತು. ಅವರು ಚಕ್ರ ನೋಡಿದರು. ಟವಲಿಲ್ಲ. ತಿರುಗಿಸಿದರು.

ಆ ಹೊತ್ತಿಗೆ ಮುನಿಶಾಮಪ್ಪನವರು ಕೊಳವೆಯ ಕೀಲು ಬಿಚ್ಚಿ ಪಕ್ಕಕ್ಕೆ ಸರಿದಿದ್ದರು. ಅಕ್ಕಯ್ಯಮ್ಮ ಉಳಿದ ಗೂಡುಗಳನ್ನು ಎತ್ತಿಟ್ಟುಕೊಳ್ಳಲು ತೊಟ್ಟಿಗೆ ಕೈಯಿಟ್ಟಿದ್ದರು. ಆವಿ ಅವರ ಬಲಗೈ ಮೇಲೆ ನುಗ್ಗಿತು. ನಾನು ಅಂಗಳದಲ್ಲಿದ್ದೆ, ಕೂಗು ಕೇಳಿತು. ಕೇಳಿದ ಕ್ಷಣವೇ ನನಗೆ ಗೊತ್ತಾಯಿತು. ಇಡೀ ಕಾರ್ಖಾನೆಯಲ್ಲಿ, ಏನಾಯಿತು ಎಂದು ಯಾರನ್ನೂ ಕೇಳಬೇಕಾಗಿರದವನು ನಾನೊಬ್ಬನೇ.

ಅಕ್ಕಯ್ಯಮ್ಮ ಬದುಕಿದರು. ಕೈಯೂ ಉಳಿಯಿತು. ಆದರೆ ಬೆರಳುಗಳ ತುದಿ ಸತ್ತುಹೋಯಿತು, ಎಳೆ ಸಿಗಲಿಲ್ಲ. ಹಜಾರ ಗುಡಿಸುವ ಕೆಲಸ ಕೊಟ್ಟರು.

ಅಂದಿನ ಸುದ್ದಿಯನ್ನೂ ನಾನೇ ಬರೆದೆ. ಎಚ್ಚರಿಕೆಯ ಗುರುತು ಚಕ್ರದ ಮೇಲೆ ಇರಲಿಲ್ಲವೆಂದು ತಿಳಿದುಬಂದಿದೆ — ಹೀಗೆ ಬರೆದೆ. ಸುಳ್ಳಲ್ಲ. ಸುದ್ದಿಮನೆಯಲ್ಲಿ ಮೊದಲು ಕಲಿಸುವುದೇ ತನ್ನನ್ನು ಸುದ್ದಿಯಿಂದ ಹೊರಗಿಡುವುದನ್ನು. ಆ ಪಾಠವನ್ನು ಅಂದು ಎಷ್ಟು ಚೆನ್ನಾಗಿ ಉಪಯೋಗಿಸಿಕೊಂಡೆ ಎಂದರೆ —

ವಿಚಾರಣೆಯಲ್ಲಿ ಮುನಿಶಾಮಪ್ಪನವರು ಟವಲು ಹಾಕಿದ್ದೆ ಎಂದರು. ಪಿಳ್ಳಪ್ಪನವರು, ಟವಲು ಇದ್ದಿದ್ದರೆ ನಾನು ಮುಟ್ಟುತ್ತಿದ್ದೆನೇ ಎಂದರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಮ್ಯಾನೇಜರು ಒಳ್ಳೆಯವರು, ಮುನಿಶಾಮಪ್ಪನವರ ಮಾತನ್ನೇ ನಂಬುವ ಮನಸ್ಸು ಅವರಿಗಿತ್ತು. ಅಷ್ಟರಲ್ಲಿ ಬೆಂಗಳೂರಿನಿಂದ ನನ್ನ ಚಿತ್ರಗಳು ತೊಳೆದು ಬಂದವು. ಕಾರ್ಖಾನೆಗೆ ಒಂದೊಂದು ಪ್ರತಿ ಕೊಡುವುದಾಗಿ ನಾನೇ ಮಾತು ಕೊಟ್ಟಿದ್ದೆ. ಕೊಡದಿದ್ದರೆ ಅನುಮಾನ ಬಂದೀತೆಂದು ಕೊಟ್ಟೆ.

ಚಕ್ರಗಳು ಚೆನ್ನಾಗಿ ಬಂದಿದ್ದವು. ಒಂದರ ಮೇಲೂ ಬಟ್ಟೆಯಿಲ್ಲ. ಮೊಳೆ ಚಿತ್ರದ ಅಂಚಿನಿಂದ ಆಚೆ ಉಳಿದಿತ್ತು.

ಮ್ಯಾನೇಜರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಈ ಚಿತ್ರ ತೆಗೆದದ್ದು ಮುನಿಶಾಮಪ್ಪ ಹಜಾರಕ್ಕೆ ಹೋದ ಮೇಲೆ ತಾನೆ?"

"ಹೌದು" ಎಂದೆ.

ಮುನಿಶಾಮಪ್ಪನವರು ಬಾಗಿಲ ಬಳಿ ನಿಂತಿದ್ದರು. ಚಿತ್ರವನ್ನು ಅವರ ಕೈಗೆ ಕೊಟ್ಟರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನ ಮೇಲೆ ಒಂದಿಷ್ಟಾದರೂ ಸಂಶಯ ಬಂದೀತೆಂದು ಕಾದೆ. ಬರಲಿ ಎಂದೂ ಅನಿಸಿತೇನೋ, ಈಗ ಹೇಳಲಾರೆ. ಅವರು ಚಿತ್ರವನ್ನು ಹಿಂದಕ್ಕೆ ಕೊಟ್ಟು, ತಮಗೇ ಎಂಬಂತೆ ಹೇಳಿದರು: "ಹಾಕ್ದೆ ಅನ್ಕೊಂಡಿದ್ದೆ. ಇಲ್ವಲ್ಲ."

ನಾನು ಮಾಡಿದ್ದು ಇದು. ಟವಲು ತೆಗೆದದ್ದು ಅವಿವೇಕ; ಅದಕ್ಕೆ ಎಲ್ಲಾದರೂ ಕ್ಷಮೆ ಇದ್ದೀತು. ಒಬ್ಬ ಮನುಷ್ಯ ತನ್ನ ಕೈ ಮಾಡಿದ ಕೆಲಸವನ್ನೇ ಮಾಡಲಿಲ್ಲವೆಂದು ನಂಬುವುದನ್ನು ಎದುರಿಗೆ ನಿಂತು ನೋಡಿದೆ. ನೋಡಿ ಸುಮ್ಮನಿದ್ದೆ.

ಅವರ ಕೆಲಸ ಹೋಗಲಿಲ್ಲ. ಟವಲಿನ ಪದ್ಧತಿ ಹೋಯಿತು. ಚಕ್ರಗಳಿಗೆ ಸರಪಳಿ, ಬೀಗ ಬಂತು; ಬೀಗದ ಕೈ ಆಫೀಸಿನಲ್ಲಿ. ಮುಂಚೆ ಸೈರನ್ನಿಗೆ ಮೊದಲೇ ಬಂದು, ಕೊಳವೆಗಳಿಗೆ ಕಿವಿಯಿಟ್ಟು ನಡೆಯುತ್ತಿದ್ದವರು ಸೈರನ್ನಿನ ಜೊತೆಗೆ ಬರತೊಡಗಿದರು. ಒಂದು ನಟ್ಟು ಬಿಗಿದರೂ ಇನ್ನೊಬ್ಬರನ್ನು ಕರೆದು, ಸರಿಯಾಗಿದೆಯಾ ನೋಡಪ್ಪ ಎನ್ನುತ್ತಿದ್ದರಂತೆ. ಊಟದ ಹೊತ್ತಿಗೆ ಅಕ್ಕಯ್ಯಮ್ಮ ಇರುವ ಕಡೆ ಕೂರುತ್ತಿರಲಿಲ್ಲ. ಇಬ್ಬರೂ ಮೇಲೂರಿನವರೇ, ಆದರೂ ಅವರ ಮನೆಯ ಹೊಸ್ತಿಲು ತುಳಿಯಲಿಲ್ಲ. ಮುಂದೆ ಸಂಬಳ ಹೆಚ್ಚಿತು, ಇರಲು ಮನೆಯನ್ನೂ ಕೊಟ್ಟರು. ನಾನು ಸುದ್ದಿಗೆಂದು ಹೋದಾಗಲೆಲ್ಲ ಮ್ಯಾನೇಜರು, ಇಷ್ಟೆಲ್ಲ ಮಾಡಿದರೂ ಆ ಮನುಷ್ಯ ಮೊದಲಿನಂತಿಲ್ಲವಲ್ಲ, ಏನು ಕೊರತೆಯೋ ಎನ್ನುತ್ತಿದ್ದರು. ಕೊರತೆ ಅವರ ಎದುರಿಗೇ ಕುಳಿತು ಕಾಫಿ ಕುಡಿಯುತ್ತಿತ್ತು.

ಯಾಕೆ ಹೇಳಲಿಲ್ಲ? ಮೊದಲು ಭಯ. ಆಮೇಲೆ, ಹೊತ್ತು ಮೀರಿತು ಎಂಬ ನೆಪ. ಕೊನೆಗೆ ಅಭ್ಯಾಸ. ಇವು ಕಾರಣಗಳು, ಅಷ್ಟೇ.

ಚಿಂತಾಮಣಿಯಿಂದ ಬಂದ ಮರುದಿನ ಮೇಲೂರಿನ ಬಸ್ಸು ಹತ್ತಿದೆ. ಭಾನುವಾರ. ರಜೆಗೆ ಊರಿಗೆ ಬಂದಿದ್ದ ಮುನಿಶಾಮಪ್ಪನವರು ತಮ್ಮಂದಿರ ಮನೆಯ ಜಗಲಿಯ ಮೇಲೆ ಸೊಪ್ಪು ಕತ್ತರಿಸುವ ಕುಡುಗೋಲಿಗೆ ಹಿಡಿ ಹಾಕುತ್ತಿದ್ದರು. ತಲೆ ಪೂರಾ ನರೆತಿತ್ತು. "ಬನ್ನಿ ಸ್ವಾಮಿ, ಇದೇನು ಇಷ್ಟು ದೂರ" ಎಂದು ಎದ್ದು ಚಾಪೆ ಹಾಕಿದರು. ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಬಿದ್ದುಹೋಗಿ, ಈ ಬರಹದ ಮೊದಲ ವಾಕ್ಯವಷ್ಟೇ ಬಾಯಿಗೆ ಬಂತು. ಹೇಳಿದೆ. ಚಿತ್ರಕ್ಕಾಗಿ ತೆಗೆದದ್ದು, ಜೀಪು, ಮ್ಯಾನೇಜರ ಪ್ರಶ್ನೆ — ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. ಕುಡುಗೋಲನ್ನು ಮೆಲ್ಲಗೆ ಕೆಳಗಿಟ್ಟರು.

"ತೆಗೆದು ಎಲ್ಲಿ ಹಾಕಿದ್ರಿ?"

"ಪಕ್ಕದ ಗೋಡೆ ಮೊಳೆಗೆ."

"ಬಾಗಿಲ ಕಡೆ ಮೊಳೆನೋ, ಕಿಟಕಿ ಕಡೇದೋ?"

"ಕಿಟಕಿ ಕಡೇದು."

ಅವರು ತಲೆಯಾಡಿಸಿದರು. ಆಮೇಲೆ ಬಂದ ಮಾತಿನಲ್ಲಿ ಸಿಟ್ಟಿರಲಿಲ್ಲ. ಕಳೆದುಹೋದ ಲೆಕ್ಕ ತಾಳೆಯಾದವರ ದಣಿವಿತ್ತು.

"ಅಲ್ಲೇ ಸಿಕ್ತು ನಂಗೆ, ಸಾಯಂಕಾಲ. ಆ ಚಿತ್ರ ನೋಡಿದ್ಮೇಲೆ, ಚಕ್ರಕ್ಕೆ ಸುತ್ತೋದು ಬಿಟ್ಟು ಮೊಳೆಗೆ ಹಾಕ್ಬಿಟ್ಟಿದ್ದೀನಿ, ನನ್ ಕೈ ಕೆಟ್ಟೋಗಿದೆ ಅಂತ ತಿಳ್ಕೊಂಡೆ. ಅವತ್ತಿಂದ ಈ ಕೈನ ನಾನು ನಂಬಿಲ್ಲ." ಮತ್ತೆ ಕೇಳಿದರು: "ಹಾಕಿದ್ದೆ, ಅಲ್ವಾ?"

"ಹಾಕಿದ್ರಿ. ನಾನು ನೋಡ್ದೆ."

"ಅಕ್ಕಯ್ಯಮ್ಮಂಗೆ ಹೇಳಿದ್ರಾ?"

ಇಲ್ಲ ಎಂದೆ.

"ಬೆಂದಿದ್ದು ಅವಳ ಕೈ. ಮೊದಲು ಅಲ್ಲಿಗೆ ಹೋಗ್ಬೇಕಾಗಿತ್ತು ನೀವು. ನಡೀರಿ."

ಗೂಟದ ಮೇಲಿದ್ದ ಟವಲನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದರು. ಎರಡು ಬೀದಿಯಾಚೆ ಅಕ್ಕಯ್ಯಮ್ಮನವರ ಮನೆ. ಮುನಿಶಾಮಪ್ಪನವರು ಅಂಗಳದಲ್ಲೇ ನಿಂತು, ನೀವೇ ಹೇಳಿ ಎಂಬಂತೆ ನನ್ನ ಕಡೆ ನೋಡಿದರು. ಅಕ್ಕಯ್ಯಮ್ಮ ಬಾಗಿಲಲ್ಲಿ ಕುಳಿತು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದರು, ಎಡಗೈಯಲ್ಲಿ. ಬಲಗೈ ಮೊರದ ಅಂಚಿಗೆ ಸುಮ್ಮನೆ ಒರಗಿತ್ತು. ನಾನು ನಿಂತೇ ಹೇಳಿದೆ. ಈ ಸಲ ಇನ್ನೂ ಕಡಿಮೆ ಮಾತು ಸಾಕಾಯಿತು.

ಕೇಳಿ ಮುಗಿಸಿ ಅವರು ತಮ್ಮ ಕೈಯನ್ನು ನೋಡಿಕೊಳ್ಳಲಿಲ್ಲ, ನನ್ನನ್ನೂ ನೋಡಲಿಲ್ಲ. ನನ್ನನ್ನು ದಾಟಿ ಅಂಗಳದಲ್ಲಿದ್ದ ಮುನಿಶಾಮಪ್ಪನವರತ್ತ ನೋಡಿದರು.

"ಅಲ್ಲೇ ಯಾಕೆ ನಿಂತ್ಕೊಂಡೆ ನಾಯನಾ? ಒಳಕ್ಕೆ ಬಾ."

ಮುನಿಶಾಮಪ್ಪನವರು ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಆ ಹೊಸ್ತಿಲು ದಾಟಿದರು. ಅಕ್ಕಯ್ಯಮ್ಮನವರೂ ಎದ್ದು ಹಿಂದೆಯೇ ಹೋದರು. ಒಳಗೆ ಮಣೆ ಎಳೆದ ಸದ್ದು, ಚೊಂಬಿಗೆ ನೀರು ತುಂಬಿದ ಸದ್ದು ಕೇಳಿಸಿತು. ಆಮೇಲೆ ಇಬ್ಬರೂ ಮೆಲ್ಲಗೆ ಮಾತಾಡತೊಡಗಿದರು; ನನಗೆ ತಿಳಿಯುವಂತಿರಲಿಲ್ಲ, ತಿಳಿಯಬೇಕೂ ಇರಲಿಲ್ಲ.

ನನ್ನನ್ನು ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತಿದ್ದು, ಬಸ್ಸಿನ ರಸ್ತೆಗೆ ಹೊರಟೆ. ಸಂಪಾದಕರು ಕೇಳಿದ ಲೇಖನದ ಬದಲು ಇದನ್ನು ಕಳಿಸುತ್ತಿದ್ದೇನೆ. ಇದರ ಜೊತೆಗೆ ಆ ಚಿತ್ರವನ್ನೂ ಹಾಕಿ, ಅದರಲ್ಲಿ ಏನು ಇರಬೇಕಾಗಿತ್ತು ಎಂಬುದನ್ನು ಕೆಳಗೆ ನನ್ನ ಹೆಸರಿನಲ್ಲಿ ಅಚ್ಚುಮಾಡಬೇಕೆಂದು ಕೇಳಿಕೊಂಡಿದ್ದೇನೆ.